ಹಾಲಿಗೆ ಬೆಳ್ಳುಳ್ಳಿ ವಾಸನೆ ತಂದ ಗಿಡ

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ವಾಸ ಅಕ್ಕಿಹೆಬ್ಬಾಳಿನಲ್ಲಿ, ರೈತ ಕುಟುಂಬವೊಂದರ ಮನೆಯ ಪಕ್ಕದ ಕೋಣೆಯಲ್ಲಿ. ಆ ಮನೆಯ ಸೊಸೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳ ಬಳಿ ಒಂದು ಸೀಮೆಹಸು ಇತ್ತು.

ಒಂದು ಬೆಳಿಗ್ಗೆ ಅಕ್ಕ ಡೈರಿಯಿಂದ ತುಂಬಿದ ಕ್ಯಾನಿನೊಂದಿಗೇ ವಾಪಸು ಬಂದಳು. ಹಾಲು ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆಂದು ಸೆಕ್ರೆಟರಿ ತಿರುಗಿಸಿ ಕಳಿಸಿದ್ದ. ಮಾರನೆಯ ದಿನವೂ ಅದೇ ಕತೆ. ಅತ್ತೆ ಜಗಲಿಯಲ್ಲಿ ಕೂತು, "ಒಗ್ಗರಣೆ ಕೈಯಲ್ಲೇ ಕರದ್ಬುಟ್ಟವ್ಳೆ" ಎಂದರು. ಅಂದಿನಿಂದ ಅತ್ತೆಸೊಸೆ ನಡುವೆ ಮಾತು ನಿಂತಿತು.

"ಕ್ಯಾನ್ನ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೀನಿ ಕಣವ್ವ. ಕೈನೂ ಮೂರು ಸಲ ತೊಳ್ದೆ. ನೀನೇ ಮೂಸಿ ನೋಡು," ಎಂದು ಅಕ್ಕ ಹಾಲಿನ ಲೋಟ ನನ್ನ ಮುಂದೆ ಹಿಡಿದಳು. ಕುಡಿದು ನೋಡಿದೆ. ಬೆಳ್ಳುಳ್ಳಿ ಹಾಕಿ ಕುದಿಸಿದಂತಿತ್ತು.

"ಹಸು ಎಲ್ಲಿ ಮೇಯ್ತದೆ ಅಕ್ಕ?"

"ನಾಲೆ ಏರಿ ಮೇಲೆ. ಈಗೊಂದು ವಾರದಿಂದ ಪಾಳು ಬಂಗಲೆ ಕಡೀಕೆ ಹೋಗ್ತದೆ."

ಭಾನುವಾರ ಇಬ್ಬರೂ ಹಸುವಿನ ಹಿಂದೆ ಹೋದೆವು. ಅದು ನೇರವಾಗಿ ಬಂಗಲೆಯ ಮುರಿದ ಕಾಂಪೌಂಡು ದಾಟಿ ಹುಣಸೆಮರದ ನೆರಳಿಗೆ ನುಗ್ಗಿತು. ಅಲ್ಲಿ ಮೊಣಕಾಲೆತ್ತರದ ಗಿಡಗಳು ಒತ್ತಾಗಿ ಬೆಳೆದಿದ್ದವು. ಬುಡ ಗಟ್ಟಿ ಕಡ್ಡಿ, ಮೇಲೆ ಸಾಧಾರಣ ಹಸಿರೆಲೆ. ಯಾರ ಕಣ್ಣನ್ನೂ ಸೆಳೆಯುವಂಥದ್ದಲ್ಲ. ಬಗ್ಗಿ ಮೂಸಿದರೆ ವಾಸನೆಯೂ ಇಲ್ಲ. ಒಂದು ಎಲೆ ಕಿತ್ತು ಹಿಸುಕಿದೆ. ಬೆಳ್ಳುಳ್ಳಿ ಜಜ್ಜಿದ ಹಾಗೆ ವಾಸನೆ ಮೂಗಿಗೆ ಬಡಿಯಿತು. ಬೇರು ಕಿತ್ತಾಗ ಕಣ್ಣಲ್ಲಿ ನೀರೇ ಬಂತು.

"ಅಯ್ಯೋ ಶಿವನೆ, ಬೆಳ್ಳುಳ್ಳಿ ಗಿಡ್ವಾ ಇದು?"

ಅಲ್ಲ ಎಂದು ನನಗೆ ಗೊತ್ತಿತ್ತು. ಗಡ್ಡೆಯಿಲ್ಲ, ಬೆಳ್ಳುಳ್ಳಿಯ ಉದ್ದನೆಯ ಎಲೆಯಿಲ್ಲ. ಆದರೆ ಅದೇನೆಂದು ಮಾತ್ರ ಗೊತ್ತಿರಲಿಲ್ಲ. ಚೀಲದಿಂದ ಭೂತಗನ್ನಡಿ ತೆಗೆದು ತೆಳ್ಳನೆಯ ಹೂಗೊಂಚಲಿಗೆ ಹಿಡಿದೆ. ಬರಿಗಣ್ಣಿಗೆ ಬಿಳಿ ಚುಕ್ಕಿಯಂತಿದ್ದದ್ದು ನಾಲ್ಕು ಸಣ್ಣ ಎಸಳಿನ ನಕ್ಷತ್ರವಾಗಿ ಅರಳಿತು. ಅದರ ಕೆಳಗೆ ಕಡ್ಡಿಗೆ ಅಂಟಿಕೊಂಡು ನಿಂತ ಕಾಯಿ, ಕಾಯಿಯ ತುದಿಯಲ್ಲಿ ಕೆಳಕ್ಕೆ ಬಾಗಿದ ಕೊಕ್ಕೆಗಳು. ಒಂದೊಂದು ಕಾಯಿಯಲ್ಲೂ ಒಂದೇ ಬೀಜ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಏಳು ವರ್ಷ ಸಸ್ಯಶಾಸ್ತ್ರ ಓದಿ, ಪಾಠ ಮಾಡಿದ್ದವಳು ಅಂದು ಮೊದಲ ಬಾರಿ ಒಂದು ಗಿಡದ ಮುಂದೆ ಉಸಿರು ಬಿಗಿಹಿಡಿದೆ.

ಎದ್ದು ನೋಡಿದರೆ ಇಬ್ಬರ ಸೀರೆಯ ಅಂಚಿಗೂ, ಹಸುವಿನ ಬಾಲಕ್ಕೂ ಕಾಯಿಗಳು ಕಚ್ಚಿಕೊಂಡಿದ್ದವು.

"ನಮ್ಮನ್ನೇ ಗಾಡಿ ಮಾಡ್ಕೊಂಬುಡ್ತಲ್ಲವ್ವ!" ಎಂದು ಅಕ್ಕ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಹಸುವನ್ನು ಬೇರೆ ಕಡೆ ಕಟ್ಟಿ ಮೇಯಿಸಿದೆವು. ಮೂರ್ನಾಲ್ಕು ದಿನದಲ್ಲಿ ಹಾಲು ಸರಿಹೋಯಿತು. ಸೆಕ್ರೆಟರಿ ಎರಡೆರಡು ಸಲ ಮೂಸಿ ತೆಗೆದುಕೊಂಡ. ಒಣಗಿಸಿದ ಗಿಡವನ್ನು ನಾನು ಮೈಸೂರಿನಲ್ಲಿದ್ದ ನನ್ನ ಮೇಷ್ಟರಿಗೆ ಕಳಿಸಿದ್ದೆ. ಅದು ಪೆಟಿವೇರಿಯಾ ಎಂದು ಅವರ ಕಾಗದ ಬಂತು. ಸಮುದ್ರದಾಚೆ, ಅಮೆರಿಕದ ಬೆಚ್ಚನೆಯ ಸೀಮೆಯದು. ಬೆಳ್ಳುಳ್ಳಿಗೂ ಅದಕ್ಕೂ ಯಾವ ನಂಟೂ ಇಲ್ಲ. ಅಲ್ಲಿಯೂ ಅದನ್ನು ಮೇಯ್ದ ಹಸುಗಳ ಹಾಲು ಹೀಗೇ ನಾರುತ್ತದೆ ಎಂದು ಬರೆದಿದ್ದರು.

ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಕೇಳಿಸಿಕೊಂಡು, "ಅಷ್ಟು ದೂರದಿಂದ ಇಲ್ಲೀಗಂಟ ಹೆಂಗೆ ಬತ್ತು?" ಎಂದಳು. ನಾನು ಒಂದು ಒಣ ಕಾಯಿಯನ್ನೂ ಭೂತಗನ್ನಡಿಯನ್ನೂ ಅವಳ ಕೈಗಿಟ್ಟೆ.

ಮಾರನೆಯ ಸಂಜೆ ಕಾಲೇಜಿನಿಂದ ಬಂದಾಗ ಜಗಲಿಯಲ್ಲಿ ಅತ್ತೆ, ಸೊಸೆ ತಲೆಗೆ ತಲೆ ತಾಗಿಸಿ ಕೂತಿದ್ದರು. ಅಕ್ಕ ನನ್ನ ಭೂತಗನ್ನಡಿಯನ್ನು ಅತ್ತೆಯ ಕಣ್ಣಿಗೆ ಹಿಡಿದಿದ್ದಳು.

"ಕಾಣ್ತದಾ ಅತ್ತೆ, ಕೊಕ್ಕೆ?"

"ತಡಿಯೇ," ಎಂದರು ಅತ್ತೆ, ಗಾಜಿನಿಂದ ಕಣ್ಣು ತೆಗೆಯದೆ. "ಇನ್ನೊಂದ್ ಚಣ ನೋಡ್ತೀನಿ."