ಶೇಂಗಾ ಬಿಟ್ಟು ಪಾಚಿಗೆ

ಫೆಲೋಶಿಪ್ ನನಗೆ ಬಂದಿದೆ ಎಂದು ಫೋನು ಮಾಡಿದ ಟ್ರಸ್ಟಿನವರು ಅಭಿನಂದಿಸಿದರು. ನಾನು ಥ್ಯಾಂಕ್ಸ್ ಹೇಳುವುದನ್ನೂ ಮರೆತು, "ನನ್ನ ಗೆಳತಿಗೆ?" ಎಂದು ಕೇಳಿದೆ. ಬೇರೆಯವರ ವಿಷಯ ಹೇಳುವಂತಿಲ್ಲ ಎಂದರು. ಅವರ ದನಿಯಲ್ಲೇ ಉತ್ತರ ಸಿಕ್ಕಿಬಿಟ್ಟಿತು.

ನಾವಿಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಕೆಲಸಕ್ಕೆ ಸೇರಿದವರು. ನಾನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಯವಳು, ಅವಳು ಮೊಳಕಾಲ್ಮೂರಿನ ನೇಕಾರರ ಮನೆಯವಳು. ರಜೆ ಬಂದರೆ ಒಂದೇ ಬಸ್ಸು ಹತ್ತುತ್ತಿದ್ದೆವು, ನಾನು ಮೊದಲು ಇಳಿಯುತ್ತಿದ್ದೆ. ಶೇಂಗಾ ರಾಶಿಯ ಮೇಲೆ ಆಡಿ ಬೆಳೆದ ನಾನು ಓದಿಗೆ ಶೇಂಗಾ ಆರಿಸಿಕೊಳ್ಳಲಿಲ್ಲ. ಹುಲ್ಲುಗಾವಲಿನ ನೆಲಕ್ಕೆ ಕಪ್ಪಗೆ ಅಂಟಿಕೊಂಡು ಒಣಗಿರುವ, ನೀರು ಚಿಮುಕಿಸಿದರೆ ನೋಡನೋಡುತ್ತಲೇ ಹಸಿರಾಗುವ ತೆಳ್ಳನೆಯ ಪೊರೆಯೊಂದಿದೆಯಲ್ಲ, ಅದು ನನ್ನ ವಿಷಯ. ಶೇಂಗಾ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಬೇಸಿಗೆಯ ಸುಡುವ ಮಣ್ಣಿನಲ್ಲಿ ಹೇಗೆ ಜೀವ ಹಿಡಿದುಕೊಂಡಿರುತ್ತದೆ ಎನ್ನುವುದು ಅವಳ ವಿಷಯ.

ಟ್ರಸ್ಟು ಒಬ್ಬ ಉದ್ಯಮಿ ತೀರಿಕೊಳ್ಳುವ ಮುಂಚೆ ಕಟ್ಟಿದ್ದು. ಆಗ ತಾನೇ ಕೆಲಸಕ್ಕೆ ಸೇರಿದ ಸಂಶೋಧಕರಿಗಾಗಿ ಇರುವ ಫೆಲೋಶಿಪ್ ಅದು. ಕೆಲವು ವರ್ಷ ನಿಮಗೆ ಬೇಕೆನಿಸಿದ್ದನ್ನು ಹುಡುಕಿ, ಸಿಗದಿದ್ದರೂ ಚಿಂತೆಯಿಲ್ಲ ಎನ್ನುತ್ತಾರೆ. ಇಬ್ಬರೂ ಅರ್ಜಿ ಹಾಕಿದೆವು. ನನ್ನದನ್ನು ತಿದ್ದಿಕೊಟ್ಟವಳು ಅವಳೇ.

ಸಂದರ್ಶನದಲ್ಲಿ ಒಬ್ಬ ಹಿರಿಯ ವಿಜ್ಞಾನಿ, ನಮ್ಮ ಅಜ್ಜಿಯ ವಯಸ್ಸಿನವರು, "ಈ ಪೊರೆ ನಾಳೆ ಇಲ್ಲದಂತಾದರೆ ಯಾರಿಗೇನು ನಷ್ಟ?" ಎಂದು ಕೇಳಿದರು. ಬಸ್ಸಿನಲ್ಲಿ ನಾವು ಅಭ್ಯಾಸ ಮಾಡಿಕೊಂಡಿದ್ದ ಪ್ರಶ್ನೆಗಳಲ್ಲಿ ಅದು ಇರಲಿಲ್ಲ. "ನನಗೆ ಗೊತ್ತಿಲ್ಲ" ಎಂದೆ. ಅವರು ಏನನ್ನೋ ಬರೆದುಕೊಂಡರು. ನನಗಿಂತ ಮೊದಲು ಒಳಗೆ ಹೋಗಿದ್ದ ಗೆಳತಿ ಎಲ್ಲಕ್ಕೂ ಉತ್ತರ ಹೇಳಿ ಬಂದಿದ್ದಳು. ನನ್ನ ಕಥೆ ಕೇಳಿ, "ಹೋಗ್ಲಿ ಬಿಡು, ಮುಂದಿನ ವರ್ಷ ನೋಡೋಣ" ಎಂದು ಬೆನ್ನು ಸವರಿದ್ದಳು.

ಫೋನು ಬಂದ ಮೇಲೆ ಊರಿಗೆ ಹೋದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಮುಖ ಗಂಟಿಕ್ಕಿದರು.

"ಆ ಹುಡುಗಿ ನಮ್ ಶೇಂಗಾ ಮೇಲೆ ಓದ್ತಾಳೆ. ನೀನು ಪಾಚಿ ಮೇಲೆ. ಶೇಂಗಾ ಬಿಟ್ಟು ಪಾಚಿಗೆ ಯಾಕೆ ಕೊಟ್ರು?"

"ಗೊತ್ತಿಲ್ಲಪ್ಪ."

"ವಾಪಸ್ ಏನು ಕೊಡ್ಬೇಕಂತೆ?"

"ಏನೂ ಇಲ್ಲ."

"ಏನೂ ಕೇಳ್ದೆ ಕೊಡ್ತಾರೆ ಅಂದ್ರೆ ಒಳಗೇನೋ ಐತೆ. ನೋಡ್ಕೊಂಡು ಸಹಿ ಮಾಡು."

ಅಡುಗೆಮನೆಯಿಂದ ಅವ್ವ, "ನೀವು ಮಠದ ದಾಸೋಹಕ್ಕೆ ಎಣ್ಣೆ ಕಳಿಸ್ತೀರಲ್ರಿ, ವಾಪಸ್ ಏನ್ ಕೇಳಿದೀರಿ?" ಎಂದಳು.

"ಅಲ್ಲಿ ಜನ ಉಂಡಿದ್ದು ಕಣ್ಣಿಗೆ ಕಾಣ್ತೈತೆ" ಎಂದರು ಅಪ್ಪ. ಇಬ್ಬರ ಮಾತೂ ನನಗೆ ಸರಿಯೆನಿಸಿತು.

ಮರುದಿನ ಮೊಳಕಾಲ್ಮೂರಿಗೆ ಹೋದೆ. ಗೆಳತಿಯ ತಾಯಿ ಮಗ್ಗದಲ್ಲಿ ಕೂತಿದ್ದರು, ಅವಳು ಪಕ್ಕದಲ್ಲಿ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಬಾಯಿಗೆ ಬಂದದ್ದೇ ಬೇರೆ.

"ಅವ್ರು ತಪ್ಪು ಮಾಡಿದಾರೆ ಕಣೇ."

ಅವಳು ತಲೆಯೆತ್ತದೆ ಹೇಳಿದಳು: "ಹಂಗಂದ್ರೆ ನಾನೇನನ್ಲಿ? ಹೌದು ಅಂದ್ರೆ ನಿನಗೆ ಬೇಜಾರು. ಇಲ್ಲ ಅಂದ್ರೆ ನನಗೆ."

ನಾನು ಗೋಡೆಗೊರಗಿ ಕೂತೆ. ಅವಳ ತಾಯಿ ಲಾಳಿ ನಿಲ್ಲಿಸಿ, "ತಿನಿ ಪೋಮ್ಮಾ" ಎಂದು ಅವರ ಮನೆಮಾತು ತೆಲುಗಿನಲ್ಲಿ ಉಂಡು ಹೋಗಲು ಹೇಳಿ ಎಬ್ಬಿಸಿದರು. ಉಣ್ಣುವಾಗ ಗೆಳತಿಯ ಮುಖವನ್ನೇ ಕದ್ದು ನೋಡುತ್ತಿದ್ದೆ. ಸಿಟ್ಟಿದ್ದರೆ ಇಷ್ಟು ತುಪ್ಪ ಬಡಿಸುತ್ತಿದ್ದಳೇ? ಇಲ್ಲದಿದ್ದರೆ ಇಷ್ಟು ಕಡಿಮೆ ಮಾತಾಡುತ್ತಿದ್ದಳೇ? ಹೊರಡುವಾಗ ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ಬಾಗಿಲಲ್ಲಿ ನಿಂತು, "ಮೊದ್ಲು ತೇವ ಅಳೆಯೋ ಮೆಷಿನ್ ತಗೋ. ಅದಿಲ್ದೆ ನಿನ್ ಕೆಲ್ಸ ಆಗಲ್ಲ" ಎಂದಳು.

ಮೆಷಿನ್ ತೆಗೆದುಕೊಂಡೆ. ಊರ ಹಿರಿಯರನ್ನು ಒಪ್ಪಿಸಿ, ಚಳ್ಳಕೆರೆ ಬಳಿಯ ನನ್ನಿವಾಳದ ಕಡೆಯ ಹುಲ್ಲುಗಾವಲಿನಲ್ಲಿ ಕೆಲವು ತುಂಡು ನೆಲಕ್ಕೆ ಬೇಲಿ ಹಾಕಿಸಿ, ಪಕ್ಕದ್ದನ್ನು ಕುರಿಗಳಿಗೆ ಬಿಟ್ಟೆ. ಕುರಿ ಮೇಯಿಸುವ ಹೆಂಗಸೊಬ್ಬಳು ಬೇಲಿಯ ಕಡೆ ಕೋಲು ತೋರಿಸಿ, "ಒಳಗೇನು ಹಾಕೀರಿ?" ಎಂದು ಕೇಳಿದಳು. ಏನೂ ಹಾಕಿಲ್ಲ ಎಂದೆ. ಆಕೆ ನನ್ನನ್ನೊಮ್ಮೆ ಕನಿಕರದಿಂದ ನೋಡಿ ಕುರಿಗಳ ಹಿಂದೆ ಹೋದಳು.

ಕುರಿಗಳ ಗೊರಸು ಪೊರೆಯನ್ನು ಹಾಳು ಮಾಡುತ್ತದೆ ಎಂದು ನಾನು ಅರ್ಜಿಯಲ್ಲಿ ಬರೆದಿದ್ದೆ. ಮಳೆಗಾಲ ಮುಗಿದ ಮೇಲೆ ನೋಡಿದರೆ ಒಂದು ಕಡೆ ಹಾಗೇ ಆಗಿತ್ತು, ಇನ್ನೊಂದು ಕಡೆ ಬೇಲಿಯೊಳಗಿನದ್ದೇ ಹಾಳಾಗಿತ್ತು. ಯಾಕೆಂದು ತಿಳಿಯಲಿಲ್ಲ. ಹೆದರುತ್ತಲೇ ಟ್ರಸ್ಟಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿದೆ. ಒಳ್ಳೆಯದು, ಮುಂದುವರಿಸಿ ಎಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ.

ಆ ವರ್ಷ ಗೆಳತಿ ಮತ್ತೆ ಅರ್ಜಿ ಹಾಕಿದಳು. ಸಂದರ್ಶನದ ಹಿಂದಿನ ದಿನ ಕ್ಯಾಂಟೀನಿನಲ್ಲಿ ಕೇಳಿದಳು:

"ನೀನವತ್ತು ಬರೀ ಗೊತ್ತಿಲ್ಲ ಅಂದ್ಯಾ? ಬೇರೇನೂ ಸೇರಿಸ್ಲಿಲ್ವಾ?"

"ಇಲ್ಲ."

ಅವಳು ನಂಬಿದಂತೆ ಕಾಣಲಿಲ್ಲ.

ಫಲಿತಾಂಶ ಬಂದಾಗ ಅವಳೇ ಫೋನು ಮಾಡಿದಳು. ಈ ಸಲ ಅವಳಿಗೆ ಬಂದಿತ್ತು. ನಾನು ಸಂತೋಷದಿಂದ ಏನೇನೋ ಹೇಳುತ್ತಿದ್ದರೂ ಅವಳು ಬರೀ ಹೂಂಗುಟ್ಟುತ್ತಿದ್ದಳು.

"ಯಾಕೇ?"

"ಒಂದು ಪ್ರಶ್ನೆಗೆ ಉತ್ತರ ಗೊತ್ತಿತ್ತು. ಆದ್ರೂ ಗೊತ್ತಿಲ್ಲ ಅಂದ್ಬಿಟ್ಟೆ. ನೀನು ಅಂದಂಗೆ. ಈಗ ಹೇಳು, ನನಗೆ ಗೊತ್ತಿರೋದಕ್ಕೆ ಕೊಟ್ರಾ, ಗೊತ್ತಿಲ್ಲ ಅಂದಿದ್ದಕ್ಕೆ ಕೊಟ್ರಾ?"

ಫೆಲೋಗಳೆಲ್ಲ ಸೇರುವ ವಾರ್ಷಿಕ ಸಭೆಯಲ್ಲಿ ಆ ಹಿರಿಯ ವಿಜ್ಞಾನಿಯನ್ನೇ ಹಿಡಿದು ಕೇಳಿದೆವು. ನಮ್ಮಿಬ್ಬರಿಗೂ ಯಾಕೆ ಕೊಟ್ಟಿರಿ, ಅವತ್ತು ಏನು ಬರೆದುಕೊಂಡಿರಿ ಎಂದು. ಅವರು, "ನೆನಪಿಲ್ಲಮ್ಮ. ಎಷ್ಟೋ ಜನ ಒಳ್ಳೆಯವರು ಬರುತ್ತಾರೆ. ಯಾರನ್ನು ಬಿಡೋದು ಅಂತಲೇ ನಮ್ಮ ಜಗಳ" ಎಂದರು. ಸುಳ್ಳು ಹೇಳುವವರ ಹಾಗಿರಲಿಲ್ಲ.

ಈ ಬೇಸಿಗೆಯಲ್ಲಿ ಬಿ.ಜಿ. ಕೆರೆ ಎಂಬ ಊರಿನ ಹೊಲವೊಂದರಲ್ಲಿ ಅವಳಿಗಾಗಿ ಮಣ್ಣು ಅಗೆಯಲು ಹೋಗಿದ್ದೆ. ಗುದ್ದಲಿ ತಾಗಿದರೆ ಕಲ್ಲಿಗೆ ತಾಗಿದಂತೆ ನೆಲ ಟಣ್ಣೆನ್ನುತ್ತಿತ್ತು. ಅವಳು ಮಣ್ಣನ್ನು ಚೀಲಕ್ಕೆ ತುಂಬುತ್ತ, ತಾಯಿಯ ಮಂಡಿ ನೋವಿನ ಬಗ್ಗೆ, ಲ್ಯಾಬಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿನಿಯ ಬಗ್ಗೆ ಹೇಳುತ್ತಿದ್ದಳು. ಮೊದಲಿನ ಹಾಗೆಯೇ ನಗುತ್ತಿದ್ದಳು. ನನಗೆ ಬಂದು ಅವಳಿಗೆ ಬಾರದಿದ್ದ ಆ ಒಂದು ವರ್ಷದ ಬಗ್ಗೆ ನಾವು ಮಾತಾಡುವುದಿಲ್ಲ. ಅದು ಅವಳಿಗೆ ಮರೆತಿದೆಯೋ, ನನಗಾಗಿ ಮರೆತಂತಿದ್ದಾಳೋ ಹೇಳಲಾರೆ. ಬಿಸಿಲು ಏರಿದಾಗ ಬೇವಿನ ಮರದ ಕೆಳಗೆ ಕೂತು, ಬಾಟಲಿಯಲ್ಲಿದ್ದ ಮಜ್ಜಿಗೆಯನ್ನು ಹಂಚಿಕೊಂಡು ಕುಡಿದೆವು.