ಹದಿನೇಳನೇ ಪೆಟ್ಟಿಗೆ

ಲೆಕ್ಕದಕ್ಕನಿಗೆ ಒಂದು ಕೆಟ್ಟ ಚಾಳಿಯಿತ್ತು: ಓದದೆ ಸಹಿ ಹಾಕುತ್ತಿರಲಿಲ್ಲ. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ಮಾಡುವ ಕಾರ್ಖಾನೆ ಅದು. ಪೆಟ್ಟಿಗೆಯ ಶಾಖ ಹಿಡಿತ ತಪ್ಪುವುದಿಲ್ಲವೆಂದು ಲೆಕ್ಕ ಹಾಕಿ ಸಹಿ ಮಾಡುವುದು ಅವಳ ಕೆಲಸ. ಇಪ್ಪತ್ತೊಂದು ವರ್ಷ ಆಗಿತ್ತು, ನಿವೃತ್ತಿಗೆ ನಾಲ್ಕೇ ತಿಂಗಳು.

ಹೀಟರು, ಸೆನ್ಸರು, ಫ್ಯಾನು, ಯಾವುದೂ ಕಾಗದದಲ್ಲಿ ಬರೆದ ಹಾಗೆ ನಡೆದುಕೊಳ್ಳುವುದಿಲ್ಲ. ಒಂದನ್ನು ಅದರ ಮಿತಿಯ ಅಂಚಿಗೆ ತಳ್ಳಿ, ಉಳಿದೆರಡನ್ನು ಸರಿಯಾಗಿಟ್ಟು ನೋಡುವುದು ಅಲ್ಲಿನ ಹಳೇ ಪದ್ಧತಿ. ಹೊಸ ಮಾದರಿಗೆ ಅವಳು ಮೂರನ್ನೂ ಒಟ್ಟಿಗೆ ಹಿಡಿದಳು. ಒಂದು ಭಾಗ ಎಷ್ಟು ತಪ್ಪುತ್ತದೆ, ಎಷ್ಟು ತಡ ಮಾಡುತ್ತದೆ, ಎರಡನ್ನೂ ಒಂದು ಸಂಕೀರ್ಣ ಸಂಖ್ಯೆ ಹೊತ್ತುಕೊಳ್ಳುತ್ತದೆ. ಮೂರು ಭಾಗಕ್ಕೆ ಅಂಥ ಬದಲಾಗುವ ಮೂರು ಸಂಖ್ಯೆ, ಅಂದರೆ ಮೂರು ಚರ, ಪ್ರತಿಯೊಂದಕ್ಕೂ ಒಂದು ವೃತ್ತದ ಮಿತಿ. ಮೂರನ್ನೂ ಹೆಣೆದ ಸಮೀಕರಣ ಆ ವೃತ್ತಗಳೊಳಗೆ ಎಲ್ಲಾದರೂ ಸೊನ್ನೆಯಾದರೆ ಶಾಖ ಕೈ ಮೀರಿತೆಂದೇ ಅರ್ಥ. ಒಂದೇ ಚರವಿದ್ದರೆ ಸೊನ್ನೆ ಒಳಗೆಲ್ಲೋ ಒಂಟಿಯಾಗಿ ಅಡಗಿ ಕೂರಬಹುದು. ಮೂರಿದ್ದರೆ ಪಾಪ, ಅದಕ್ಕೆ ಆ ಭಾಗ್ಯವಿಲ್ಲ. ನೂಲಿನ ಹಾಗೆ ಎಳೆದುಕೊಂಡು ಅಂಚಿಗೆ ಬಂದೇ ಬರುತ್ತದೆ. ವೃತ್ತಗಳನ್ನು ಸಣ್ಣದರಿಂದ ಮಿತಿಯವರೆಗೆ ಒಟ್ಟಿಗೆ ಹಿಗ್ಗಿಸುತ್ತ, ಮೂರೂ ಅಂಚಿನಲ್ಲಿರುವಾಗ ಹುಡುಕಿದರೆ ಸಾಕು.

ಹೊಸ ಮಾದರಿ ಪಾಸಾಯಿತು. ಎದ್ದು ಮನೆಗೆ ಹೋಗಬಹುದಿತ್ತು. ಚಾಳಿ ಬಿಡಬೇಕಲ್ಲ, ಹಳೆಯ ಮಾದರಿಯನ್ನೂ ಅದೇ ಲೆಕ್ಕಕ್ಕೆ ಹಾಕಿ ನೋಡಿದಳು. ಸೊನ್ನೆ ಸಿಕ್ಕಿತು. ಆ ಮಾದರಿಗೆ ಹನ್ನೊಂದು ವರ್ಷದ ಹಿಂದೆ ಸಹಿ ಮಾಡಿದವಳು ಅವಳೇ.

ಮನೆಯಲ್ಲಿ ಗಂಡ ಕೇಳಿ ನಕ್ಕ. "ನಮ್ಮಕ್ಕಂದಿರ ಹಾಗೆ ಅನ್ನು. ಒಬ್ಬೊಬ್ರೇ ಬಂದ್ರೆ ಬೆಣ್ಣೆ. ಮೂರೂ ಜನ ಸೇರಿದ್ರೆ ಹೆಂಚು ಹಾರುತ್ತೆ."

"ನಗಬೇಡಿ. ಒಳಗಿರೋದು ಕೂಸು ಕಣ್ರೀ."

ಅವನ ನಗು ನಿಂತಿತು. ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದ. "ಹೇಳಿದ್ರೆ ನಿನ್ನ ಹೆಸರು ಹೋಗುತ್ತೆ. ಹೇಳದೇ ಇದ್ರೆ ನಿನಗೆ ಅನ್ನ ಇಳಿಯಲ್ಲ. ಹೇಳಿಬಿಡು."

ಮರುದಿನ ಮೇಸ್ತ್ರಿ ಹಳೆಯ ಪೆಟ್ಟಿಗೆಯೊಂದಕ್ಕೆ ಜೋರಿನ ಹೀಟರು, ನಿಧಾನದ ಸೆನ್ಸರು, ದಣಿದ ಫ್ಯಾನು ಕೂರಿಸಿದ. ಮೂರೂ ಮಿತಿಯೊಳಗೇ ಇದ್ದವು. ಅರ್ಧ ಗಂಟೆಯಲ್ಲಿ ಶಾಖ ತೋರಿಸುವ ಮುಳ್ಳು ಮೇಲೆ ಕೆಳಗೆ ಓಡಾಡತೊಡಗಿತು. ಮ್ಯಾನೇಜರು ಹಣೆ ಒತ್ತಿಕೊಂಡರು.

"ಅಕ್ಕಾ, ಇಷ್ಟು ವರ್ಷ ಬಂದ ದೂರು ಒಂದೂ ನಿಜ ಆಗಿಲ್ಲ. ಇನ್ನು ನಾಲ್ಕು ತಿಂಗಳಿದೆ, ಇರಲಾರ್ದೆ ಇರುವೆ ಬಿಟ್ಕೋತೀರಲ್ಲ."

"ಸಹಿ ನಂದು ಸಾರ್. ಪತ್ರಾನೂ ನನ್ನ ಹೆಸರಲ್ಲೇ ಹೋಗ್ಲಿ."

ಹಳೆಯ ಮಾದರಿ ಕೊಂಡಿದ್ದ ಎಲ್ಲ ಆಸ್ಪತ್ರೆಗಳಿಗೂ ಪತ್ರ ಹೋಯಿತು. 'ಒಂದೊಂದೇ ನೋಡಿದ್ದೆ, ಒಟ್ಟಿಗೆ ನೋಡಿರಲಿಲ್ಲ. ತಪ್ಪು ನನ್ನದು' ಎಂದು ಬರೆದಿದ್ದಳು. ಮೂರನೇ ದಿನ ಒಬ್ಬ ನರ್ಸಮ್ಮನ ಫೋನು ಬಂತು.

"ನಮ್ಮ ಹದಿನೇಳನೇ ಪೆಟ್ಟಿಗೆ ಇದೆಯಲ್ಲಮ್ಮ, ಅದು ಮೊದಲಿಂದ್ಲೂ ಹಾಗೇ. ಒಮ್ಮೊಮ್ಮೆ ಮುಳ್ಳು ಕುಣಿಯುತ್ತೆ."

"ದೂರು ಕೊಡಬಾರ್ದಿತ್ತಾ?"

"ಕೊಟ್ಟಿದ್ವಿ. ನಿಮ್ಮವರು ಬಂದು ಒಂದೊಂದೇ ಭಾಗ ಬಿಚ್ಚಿ ನೋಡಿ, ಎಲ್ಲಾ ಸರಿಯಿದೆ ಅಂತ ಬರ್ಕೊಂಡು ಹೋದ್ರು. ಬೇರೆ ಪೆಟ್ಟಿಗೆ ಖಾಲಿ ಇರಲ್ಲ. ಅದರಲ್ಲಿ ಮಗು ಇದ್ರೆ ಹತ್ತು ನಿಮಿಷಕ್ಕೊಂದ್ಸಲ ಕೈ ಹಾಕಿ ನೋಡ್ತೀವಿ. ಹೊಸಬರಿಗೂ ಹೇಳ್ಕೊಟ್ಟಿದ್ದೀವಿ."

"ಯಾವ ಕೂಸಿಗಾದ್ರೂ ಏನಾದ್ರೂ..."

"ಇಲ್ಲಮ್ಮ. ನಮ್ಮ ಕೈ ಇತ್ತಲ್ಲ."

ಫೋನು ಕೆಳಗಿಟ್ಟು ಅವಳು ಅತ್ತಳು. ಆಮೇಲೆ ಮುಖ ತೊಳೆದು ಮೇಸ್ತ್ರಿಯನ್ನು ಕರೆದುಕೊಂಡು ಆ ಆಸ್ಪತ್ರೆಗೆ ತಾನೇ ಹೋದಳು. ವಾರ್ಡಿನಲ್ಲಿ ಒಬ್ಬೊಬ್ಬರ ಮುಂದೆಯೂ ತಪ್ಪು ತನ್ನದೆಂದು ಹೇಳಿದಳು. ಮೇಸ್ತ್ರಿ ಹದಿನೇಳನೇ ಪೆಟ್ಟಿಗೆಯ ಭಾಗ ಬದಲಾಯಿಸಿದ. ಮುಳ್ಳು ಒಂದು ಗಂಟೆ ಕದಲಲಿಲ್ಲ. ಕೂಸನ್ನು ತಂದು ಮಲಗಿಸಿದ ನರ್ಸಮ್ಮ, ಹತ್ತು ನಿಮಿಷಕ್ಕೆ ಮತ್ತೆ ಕೈ ಹಾಕಿದಳು.

"ಇನ್ನು ಬೇಕಾಗಿಲ್ಲಮ್ಮ," ಎಂದಳು ಲೆಕ್ಕದಕ್ಕ.

"ಗೊತ್ತು. ಅಭ್ಯಾಸ. ಬನ್ನಿ, ನೀವೂ ಕೈ ಹಾಕಿ ನೋಡಿ."

ಲೆಕ್ಕದಕ್ಕ ಕೈ ತೊಳೆದು ಬಂದು ಕೂಸಿನ ಬೆನ್ನು ಮುಟ್ಟಿದಳು. ಇಪ್ಪತ್ತೊಂದು ವರ್ಷದಲ್ಲಿ, ಕೂಸಿರುವ ಪೆಟ್ಟಿಗೆಯೊಳಗೆ ಅವಳು ಕೈ ಹಾಕಿದ್ದು ಅದೇ ಮೊದಲು.