ಮಂಕಾಳಜ್ಜಿಯ ನಡುಗಡ್ಡೆ

ಸಮುದ್ರವೆಂದರೆ ಸಾಲೆಯ ನಕಾಶೆಯಲ್ಲಿ ಎಡಗಡೆ ಬಳಿದ ನೀಲಿ ಬಣ್ಣ, ಅಷ್ಟೇ ಎಂದು ನಾವು ಧಾರವಾಡದ ಹುಡುಗರು ತಿಳಿದಿದ್ದ ದಿನಗಳವು. ನಾನಾಗ ಐದನೇ ಇಯತ್ತೆ. ಮಾಳಮಡ್ಡಿಯ ನಮ್ಮ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಗಣಪತಿ ಕಾಕಾ, ಅವರ ಹೆಂಡತಿ, ಮಗಳು ಸುಶೀಲಾ ಬಾಡಿಗೆಗಿದ್ದರು. ಸುಶೀಲಾ ನನ್ನದೇ ವರ್ಗ. ಅಂಕೋಲೆಯ ಕಡೆಯ ಮೀನುಗಾರರು ಅವರು. ಊರಿನ ದಂಡೆಯಲ್ಲಿ ದೊಡ್ಡ ಬಂದರು ಕಟ್ಟುತ್ತಾರೆಂದು ಮನೆಗಳನ್ನು ತೆರವು ಮಾಡಿಸಿದ್ದರಿಂದ, ದೋಣಿ ನಡೆಸುತ್ತಿದ್ದ ಕಾಕಾ ಹುಬ್ಬಳ್ಳಿಯ ಗೋದಾಮೊಂದರಲ್ಲಿ ಕಾವಲಿಗೆ ನಿಂತಿದ್ದರು.

ಮನೆ ಕೊಡುವಾಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಾಕಿದ್ದು ಒಂದೇ ಷರತ್ತು. "ನಾವು ಲಿಂಗಾ ಕಟ್ಟಿದ ಮಂದಿ. ಮನ್ಯಾಗ ಮೀನಿನ ವಾಸನಿ ಬರಬಾರ್ದು ನೋಡ್ರಿ."

"ಬರೂದಿಲ್ಲ ಅಮ್ಮಾ," ಎಂದಿದ್ದರು ಕಾಕಾ. ಎರಡು ವರ್ಷ ಆ ಮಾತು ನಡೆಸಿದರು ಕೂಡ.

ಆ ಬೇಸಿಗೆಯಲ್ಲಿ ಕಾಕಾನ ತಾಯಿ ಮಂಕಾಳಜ್ಜಿ ಬಂದಳು. ಊರಿನಲ್ಲಿ ಕೊನೆಯವರೆಗೂ ಮನೆ ಬಿಡದೆ ಕೂತವಳಂತೆ. ಕೈಯಲ್ಲೊಂದು ಟ್ರಂಕು, ಕೊರಳಲ್ಲಿ ಕರಿಮಣಿ, ಉಪ್ಪುನೀರಿಗೆ ಬಿರಿದ ಪಾದಗಳು. ಸಂಜೆ ಪಡುವಣ ಗಾಳಿ ಬೀಸಿತೆಂದರೆ ಹಿತ್ತಲ ಕಟ್ಟೆಯ ಮೇಲೆ ಕೂತು ಮೂಗು ಮೇಲೆತ್ತುತ್ತಿದ್ದಳು. "ಈಗ ನೀರು ಇಳಿತ ಮಗಾ. ಕಲ್ಲೆಲ್ಲ ಕಾಣ್ತಿರಬೇಕು," ಎನ್ನುವಳು. ನಾನು, ಸುಶೀಲಾ ಕುಂಟಾಬಿಲ್ಲೆ ಬಿಟ್ಟು ಅವಳ ಪಕ್ಕ ಕೂಡುತ್ತಿದ್ದೆವು.

ಅವಳ ಮಾತೆಲ್ಲ ಊರಿನೆದುರಿನ ನಡುಗಡ್ಡೆಯದು. ಸುತ್ತಲೂ ಉಪ್ಪುನೀರು, ನಡುವೆ ಗುಡ್ಡ, ಆ ಗುಡ್ಡದ ಬುಡದಲ್ಲೊಂದು ಸಿಹಿನೀರ ಬಾವಿ! ಮಳೆಗಾಲ ಮುಗಿದು ದೋಣಿ ಇಳಿಸುವ ಮೊದಲು ಊರ ಹೆಂಗಸರೆಲ್ಲ ಇಳಿತದಲ್ಲಿ ಕಲ್ಲುಗಳ ಮೇಲೆ ನಡೆದು ಅಲ್ಲಿಗೆ ಹೋಗಿ ಕಾಯಿ ಒಡೆದು, ಮಕ್ಕಳಿಗೆ ಅವಲಕ್ಕಿ ಬೆಲ್ಲ ಹಂಚುತ್ತಿದ್ದರಂತೆ. ನಾವು ಹಿತ್ತಲಲ್ಲಿ ಸುಣ್ಣದಿಂದ ಗೆರೆ ಎಳೆದು, ಅರಿವೆ ಒಗೆಯುವ ಕಲ್ಲನ್ನೇ ನಡುಗಡ್ಡೆ ಮಾಡಿ ಆಡಿದೆವು.

ಆದರೆ ಮಂಕಾಳಜ್ಜಿಗೆ ನಮ್ಮ ಊರಿನ ಊಟ ಒಗ್ಗಲಿಲ್ಲ. ಗಂಜಿ ಮುಂದಿಟ್ಟುಕೊಂಡು ಸುಮ್ಮನೆ ಕೂಡುವಳು. ತಿಂಗಳೊಪ್ಪತ್ತಿನಲ್ಲಿ ಕೈಬಳೆ ಮೊಳಕೈವರೆಗೆ ಸರಿಯುವಷ್ಟು ಬಡವಾದಳು. ಸುಶೀಲಾನ ಸೋದರಮಾವ ಊರಿಂದ ಬಂದಾಗ ಕಾಗದದಲ್ಲಿ ಒಂದು ಹಿಡಿ ಒಣ ಸೀಗಡಿ ಕಟ್ಟಿ ತಂದ. ಮರುದಿನ ಮಧ್ಯಾಹ್ನ ಆಯಿ ಪುರಾಣಕ್ಕೆಂದು ಮಠಕ್ಕೆ ಹೋದ ಹೊತ್ತಿನಲ್ಲಿ, ಕಾಕಾನ ಹೆಂಡತಿ ಹಿತ್ತಲ ಗೋಡೆಯ ಮೂಲೆಯಲ್ಲಿ ಕೆಂಡದ ಮೇಲೆ ಅದನ್ನು ಹುರಿದು, ಕಾಯಿತುರಿ, ಒಣಮೆಣಸು ಹಾಕಿ ತಿಕ್ಕಿದರು. ಮಂಕಾಳಜ್ಜಿ ಅಂದು ತಟ್ಟೆ ತುಂಬ ಅನ್ನ ಉಂಡಳು.

ಸುಶೀಲಾನ ಜೊತೆ ನಾನೂ ಅಲ್ಲಿದ್ದೆ. "ನಂಗೂ ಸ್ವಲ್ಪ ಕೊಡ್ರಿ," ಎಂದೆ. "ಬೇಡ ಮಗಾ, ನಿಮ್ಮಲ್ಲಿ ನಡೆಯೂದಿಲ್ಲ," ಎಂದಳು ಅಜ್ಜಿ. ನಾನು ಕೇಳಲಿಲ್ಲ. ನಾನೇ ಕೈ ಹಾಕಿ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಕರುಕಲು, ಉಪ್ಪು, ಖಾರ. ಇನ್ನೊಂದು ಚಿಟಿಕೆಯನ್ನೂ ತಿಂದೆ.

ಸಂಜೆ ಆಯಿ ತಲೆ ಬಾಚಲು ಹತ್ತಿರ ಕರೆದವಳು ತಟ್ಟನೆ ಕೈ ನಿಲ್ಲಿಸಿದಳು. "ಬಾಯಿ ತಗಿ. ಏನ್ ತಿಂದಿ? ಖರೇ ಹೇಳು."

"ಸುಶೀಲಾನ ಅಜ್ಜಿ ಬಾಯಾಗ ತುರುಕಿದ್ರು. ನಾ ಬ್ಯಾಡ ಅಂದೆ," ಎಂದುಬಿಟ್ಟೆ.

ಆಯಿ ಕೂಗಾಡಲಿಲ್ಲ. ಮರುದಿನ ಮುಂಜಾನೆ ಕಾಕಾನನ್ನೂ ಅಜ್ಜಿಯನ್ನೂ ಪಡಸಾಲೆಗೆ ಕರೆಸಿ ನನ್ನ ಮಾತನ್ನೇ ಹೇಳಿ ಕೇಳಿದಳು. ನಾನು ಕಂಬದ ಪಕ್ಕ ನಿಂತಿದ್ದೆ. ಮಂಕಾಳಜ್ಜಿ ನನ್ನ ಕಡೆ ಒಂದು ಸಲ ನೋಡಿದಳು.

"ಹೌದು ಅಮ್ಮಾ, ನಾನೇ ತಿನ್ನಿಸಿದೆ. ಕೂಸು ಬೇಡ ಅಂತಿತ್ತು."

ಆಯಿ, "ನೀವು ಹಿರ್ಯಾರು, ನಿಮಗೇನು ಅನ್ನಂಗಿಲ್ಲ. ಗಣಪತಿ ಅವ್ರ, ಬ್ಯಾರೆ ಮನಿ ನೋಡ್ಕೋರಿ," ಎಂದಳು. ಮಳೆ ಮುಗಿಯುವ ತನಕ ಇರಗೊಡಿ ಎಂದು ಕಾಕಾ ಕೈಮುಗಿದರು. ಆಗಲಿಲ್ಲ. ವಾರದೊಳಗೆ ಒಂದು ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಹುಬ್ಬಳ್ಳಿಯ ಗೋಪನಕೊಪ್ಪದ ತಗಡಿನ ಮನೆಗೆ ಹೋದರು. ಸುಶೀಲಾ ಸಾಲೆಯನ್ನೂ ಬದಲಿಸಿದಳು.

ಶ್ರಾವಣದ ಹೊತ್ತಿಗೆ ಮಂಕಾಳಜ್ಜಿ ತೀರಿಕೊಂಡ ಸುದ್ದಿ ಬಂತು. ಉಳಿದ ಒಂದೆರಡು ಸಾಮಾನು ಒಯ್ಯಲು ಬಂದಿದ್ದ ಕಾಕಾ ನಮ್ಮಪ್ಪನ ಮುಂದೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಕೊನೆಗೆ ಅವಳು ನಡುಗಡ್ಡೆಯ ಬಾವಿ ನೀರು ಬೇಕೆಂದಳಂತೆ. ಕಾಕಾ ಬಸ್ಸು ಹತ್ತಿ ಊರಿಗೆ ಹೋದರೆ ದಂಡೆಗೆಲ್ಲ ತಂತಿ ಬೇಲಿ. ಕಾವಲಿನವನು ಒಳಗೆ ಬಿಡಲಿಲ್ಲ. "ನಾನೂ ಕಾವಲು ಮಾಡುವವನೇ, ಅವನಿಗೆಂತ ಹೇಳಲಿ?" ಎಂದರು ಕಾಕಾ. ಬೇಲಿಯ ಹೊರಗಿನ ನಲ್ಲಿಯಲ್ಲಿ ಬಾಟಲಿ ತುಂಬಿಸಿ ತಂದು, ಬಾವಿಯದೇ ಎಂದು ಕುಡಿಸಿದರಂತೆ. ಅಜ್ಜಿ ಒಂದು ಗುಟುಕು ನುಂಗಿ, "ಗಣಪೂ, ನಮ್ಮ ಬಾವಿ ಕೆಟ್ಟುಹೋತು," ಎಂದಳಂತೆ. ಮತ್ತೆ ಮಾತಾಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಹೋದ ವರ್ಷ ನಾನು ಅಂಕೋಲೆಯ ಆ ಕಡೆ ಹೋಗಿದ್ದೆ. ನಡುಗಡ್ಡೆಯ ಗುಡ್ಡವನ್ನು ಅರ್ಧ ಕಡಿದು, ಆ ಕಲ್ಲಿನಿಂದಲೇ ಸಮುದ್ರದಲ್ಲಿ ಗೋಡೆ ಕಟ್ಟಿ ದಂಡೆಗೆ ಜೋಡಿಸಿದ್ದಾರೆ. ಅದರ ಮೇಲೆ ಲಾರಿಗಳು ಓಡಾಡುತ್ತವೆ. ಚಹಾದಂಗಡಿಯ ಹುಡುಗಿಗೆ ನಡುಗಡ್ಡೆ ಎಲ್ಲಿ ಎಂದು ಕೇಳಿದರೆ, "ಇಲ್ಲಿ ಅಂಥದ್ದೇನೂ ಇಲ್ಲ," ಎಂದಳು.

ಈಚೆಗೆ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಸುಶೀಲಾ ಸಿಕ್ಕಳು. ಕಾಕಾ ತೀರಿಹೋಗಿ ಆರು ವರ್ಷವಾಯಿತಂತೆ. ಅಂದಿನ ಸುಳ್ಳನ್ನು ಬಾಯಿಬಿಟ್ಟು ಹೇಳಿದೆ.

"ನಂಗ ಗೊತ್ತಿತ್ತಲ್ಲ, ನಾನೂ ಅಲ್ಲೇ ಇದ್ದೆ," ಎಂದಳು.

"ಅಜ್ಜಿ ನನಗೇನಾದ್ರೂ ಅಂದಿದ್ರೇನ?"

"ಊರು ಕಸಗೊಂಡವರಿಗೇ ಆಕಿ ಏನೂ ಅನ್ನಲಿಲ್ಲ. ನಿನಗೇನ್ ಅಂತಾಳ?"

ಏನಾದರೂ ಕೇಳಬೇಕೆಂದು, "ಮಕ್ಕಳಿಗೆ ನಿಮ್ಮೂರ ಸಮುದ್ರ ತೋರಿಸಿಯೇನ?" ಎಂದೆ.

"ಏನ್ ತೋರಸ್ಲಿ?" ಎಂದಳು.

ನಾನು ಕಳಕೊಂಡದ್ದು ಒಬ್ಬ ಗೆಳತಿಯನ್ನು, ಅದಕ್ಕೆ ನಾನೇ ಕಾರಣ. ಅವಳು ಕಳಕೊಂಡದ್ದು ಎಷ್ಟೆಂದು ಅವಳ ಮಕ್ಕಳಿಗೆ ಗೊತ್ತಿಲ್ಲ, ಹೇಳುವ ಮನಸ್ಸು ಅವಳಿಗೂ ಉಳಿದಿಲ್ಲ.